ಎರಡು ಕಿಲೋ ನಿಂಬೆ

ಹೋದ ವಾರ ಒಂದು ಫೈಲ್ ಬಂತು. ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು ಹೇಗೆ ಅಂತ ತೋಟದವರಿಗೆ ಹಂಚುವ ಎರಡು ಪುಟದ ಹಾಳೆ. ಇಂಗ್ಲಿಷಿನಿಂದ ಕನ್ನಡಕ್ಕೆ ಎಐ ಆಗಲೇ ಮಾಡಿಟ್ಟಿತ್ತು. ನನ್ನದು ಬರೀ ಕಣ್ಣಾಡಿಸುವ ಕೆಲಸ. ಕನ್ನಡ ಚೆನ್ನಾಗಿತ್ತು, ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ಎರಡನೇ ಪುಟದ ಕೊನೆಯಲ್ಲಿ ಹೀಗಿತ್ತು: '2 ಕಿಲೋ ಮೈಲುತುತ್ತ, 2 ಕಿಲೋ ನಿಂಬೆ, 200 ಲೀಟರ್ ನೀರು.'

ಇರಬೇಕಾದದ್ದು ಸುಣ್ಣ. ಸುಣ್ಣಕ್ಕೂ ನಿಂಬೆಗೂ ಇಂಗ್ಲಿಷಿನಲ್ಲಿ ಒಂದೇ ಪದ ನೋಡಿ, ಲೈಮ್. ಅಮ್ಮನಿಗೆ ಓದಿ ಹೇಳಿದೆ. "ಬ್ಯಾರಲ್‌ಗೆ ಸಕ್ಕರೆ ಎಷ್ಟು ಅಂತಾನೂ ಕೇಳು" ಅಂದರು. ನಗುವ ಮಾತಲ್ಲ, ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಹುಳಿ ಮುರಿಯುವುದೇ ಸುಣ್ಣ. ಅದು ಸಾಲದೆ ಹೋದರೆ ಎಲೆ ಸುಡುತ್ತದೆ. ಅದಕ್ಕೇ ತೋಟದಲ್ಲಿ ಕತ್ತಿ ಅದ್ದಿ ನೋಡುವುದು, ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುವುದು.

2017ರಲ್ಲಿ ಗೂಗಲ್‌ನ ಕನ್ನಡ ಅನುವಾದಕ್ಕೆ ನ್ಯೂರಲ್ ತಂತ್ರ ಬಂದಾಗ ನಾವು ಅನುವಾದಕರು ಸಾಲುಸಾಲಿಗೂ ನಗುತ್ತಿದ್ದೆವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ನಗು ಕಡಿಮೆಯಾಯಿತು. ಈಗ ಸುಂಟಿಕೊಪ್ಪದ ನಮ್ಮ ಮನೆಗೆ ಫೈಲುಗಳು ಮೊದಲಿಗಿಂತ ಜಾಸ್ತಿಯೇ ಬರುತ್ತವೆ. ಪದಕ್ಕೆ 1 ರೂಪಾಯಿ 20 ಪೈಸೆ ಇದ್ದದ್ದು 35 ಪೈಸೆ ಆಗಿದೆ, ಅಷ್ಟೇ.

ಅಮ್ಮ ಈ ದಾರಿ ನೋಡಿದವರು. ಕುಶಾಲನಗರದ ಕಡೆ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. ಹೆಂಗಸರೆಲ್ಲ ಸಾಲಾಗಿ ಕೂತು ಕಪ್ಪು, ಒಡಕು, ಹುಳ ತಿಂದದ್ದು ತೆಗೆಯುವುದು. ಮಾತು ಎಲ್ಲೋ, ಕೈ ಎಲ್ಲೋ. ಆಮೇಲೆ ಕಲರ್ ಸಾರ್ಟರ್ ಬಂತು. ಬೀಜ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದನ್ನು ಗಾಳಿ ಫುಸ್ ಅಂತ ಪಕ್ಕಕ್ಕೆ ಹಾರಿಸುತ್ತದೆ. ಹಾಗೆ ಹಾರಿದ್ದರಲ್ಲಿ ಒಳ್ಳೆಯ ಬೀಜವೂ ಇರುತ್ತಿತ್ತು. ಅದನ್ನು ಹೆಕ್ಕಲು ನಾಲ್ಕು ಜನರನ್ನು ಉಳಿಸಿಕೊಂಡರು, ಅಮ್ಮ ಅದರಲ್ಲಿ ಒಬ್ಬರು. "ಮೊದಲಿನ ಕೆಲಸಕ್ಕೆ ಬೆನ್ನು ನೋಯ್ತಿತ್ತು. ಇದಕ್ಕೆ ತಲೆ ನೋಯ್ತಿತ್ತು. ಒಳ್ಳೇದು ಒಂದು ಸಿಗೋ ಹೊತ್ತಿಗೆ ಕಣ್ಣು ನಿದ್ದೆ ಮಾಡಿರೋದು" ಅಂತಾರೆ.

ನನಗೂ ಅದೇ. ಸಾಲಿಗೊಂದು ತಪ್ಪಿದ್ದಾಗ ಎಚ್ಚರವಿರುತ್ತಿತ್ತು. ಎರಡು ಪುಟಕ್ಕೆ ಒಂದೇ ನಿಂಬೆ ಸಿಗುವಾಗ ಎರಡನ್ನೂ ಮೂರು ಸಲ ಓದಬೇಕು.

ಇದನ್ನೆಲ್ಲ ವಿವರಿಸಿ, ರೇಟು ಸ್ವಲ್ಪ ಏರಿಸಿ ಅಂತ ಕೆಲಸ ಕೊಡುವವರಿಗೆ ಬರೆದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು: "ಎರಡು ಪುಟಕ್ಕೆ ಒಂದೇ ತಪ್ಪಾ? ಸೂಪರ್ ಮೇಡಂ. ಹಾಗಾದ್ರೆ ಮುಂದಿನ ತಿಂಗಳಿಂದ 25 ಪೈಸೆ ಮಾಡೋಣ್ವಾ?"

ಇನ್ನೂ ಉತ್ತರ ಕಳಿಸಿಲ್ಲ. ನಿನ್ನೆ ಸಂಜೆಯಿಂದ ಕರೆಂಟಿಲ್ಲ.