ಮನೆಯಲ್ಲಿ ಕೋವಿ ಇದೆ, ಮಕ್ಕಳಿಗೆ ಯಾವ ವಯಸ್ಸಿಗೆ ಕಲಿಸಬೇಕು?

ನಾನು ಕೊಡಗಿನ ಕಡೆಯವನೆಂದು ತಿಳಿದವರು ಸ್ವಲ್ಪ ಪರಿಚಯವಾದ ಮೇಲೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಹೊರಗಿನವರು ಅದನ್ನು ಆತಂಕದಿಂದ ಕೇಳುತ್ತಾರೆ: ಕೋವಿ ಇರುವ ಮನೆಯಲ್ಲಿ ಮಕ್ಕಳನ್ನು ಹೇಗೆ ಬೆಳೆಸುತ್ತೀರಿ? ನಮ್ಮ ಕಡೆಯವರೂ ಮಲೆನಾಡಿನ ತೋಟದ ಮನೆಗಳವರೂ ಅದನ್ನೇ ಬೇರೆ ರೀತಿಯಲ್ಲಿ ಕೇಳುತ್ತಾರೆ: ಮಗನಿಗೆ ಎಂಟು ತುಂಬಿತು, ಮಗಳಿಗೆ ಹತ್ತಾಯಿತು, ಈಗ ಕಲಿಸಬಹುದೇ? ಇಬ್ಬರಿಗೂ ನನ್ನ ಉತ್ತರ ಒಂದೇ. ಮೊದಲು ಬೀಗ, ಆಮೇಲೆ ಪಾಠ. ಮಗು ಎಷ್ಟೇ ಚೆನ್ನಾಗಿ ಕಲಿತಿರಲಿ, ಆ ಪಾಠವನ್ನು ನಂಬಿ ಬೀಗವನ್ನು ಸಡಿಲಿಸುವಂತಿಲ್ಲ. ಇದನ್ನು ಇಷ್ಟು ಖಂಡಿತವಾಗಿ ಏಕೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುವ ಅಗತ್ಯವಿದೆ.

ಕೊಡಗಿನಲ್ಲಿ ಕೋವಿಯೆಂಬುದು ಮನೆಯ ಆಚಾರದ ಒಳಗೇ ಇರುವ ವಸ್ತು. ಗಂಡು ಮಗು ಹುಟ್ಟಿದಾಗ ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣವನ್ನು ಅದರ ಕೈಗಿಟ್ಟು, ಹೊರಗೆ ಒಂದು ಈಡು ಹಾರಿಸುವುದು ಕೊಡವರ ಹಳೆಯ ಪದ್ಧತಿ. ಸಾವಿನ ಮನೆಯಲ್ಲಿ ಎರಡು ಈಡು ಹಾರುತ್ತದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು, ಅಂದರೆ ಹೊಸ ಭತ್ತದ ತೆನೆ, ತೆಗೆಯುವಾಗಲೂ ಕೋವಿಯ ಸದ್ದು ಬೇಕು. ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಕೋವಿಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿದು ಬಂದಿದೆ. ಕೊಡವರು ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇಶದ ಉಳಿದೆಡೆ ಪರವಾನಗಿ ಕೇಳುವವರು 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷತಾ ತರಬೇತಿ ಪಡೆಯಬೇಕು, ಆಯುಧವನ್ನು ಭದ್ರವಾಗಿ ಇಡುವುದಾಗಿ ಬರೆದುಕೊಡಬೇಕು. ಪರವಾನಗಿಯ ಅರ್ಜಿಯನ್ನೇ ಹಾಕಬೇಕಿಲ್ಲದ ಮನೆಗಳಲ್ಲಿ ಆ ಶಿಸ್ತಿನ ಹೊಣೆಯೆಲ್ಲ ಮನೆಯ ಹಿರಿಯರ ಮೇಲೆಯೇ ಬೀಳುತ್ತದೆ. ಈ ಹಕ್ಕನ್ನು ನಾನು ಗೌರವಿಸುತ್ತೇನೆ. ಆದ್ದರಿಂದಲೇ ಅದರ ಜೊತೆಗೆ ಬರುವ ಹೊಣೆಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆಯಾಯಿತೆಂದು ನನಗೆ ಅನ್ನಿಸುತ್ತದೆ.

‘ನಮ್ಮ ಮಕ್ಕಳು ಕೋವಿಯನ್ನು ನೋಡಿಕೊಂಡೇ ಬೆಳೆದವರು, ಹೇಳಿದ್ದೇವೆ, ಮುಟ್ಟುವುದಿಲ್ಲ’ ಎಂಬ ಮಾತನ್ನು ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಹೇಳುವವರ ನಂಬಿಕೆ ಪ್ರಾಮಾಣಿಕವಾದದ್ದು, ಆದರೆ ಅದು ನಿಲ್ಲುವುದಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ವೈದ್ಯರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಂಥವರಿಗೆ ನಾನು ವಿವರಿಸುವುದುಂಟು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಇಬ್ಬಿಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಕಾಲು ಗಂಟೆ ಬಿಟ್ಟು, ಒಂದೇ ಕಡೆಯಿಂದ ಕಾಣುವ ಗಾಜಿನ ಹಿಂದೆ ನಿಂತು ಅವರನ್ನು ಗಮನಿಸಿದರು. ಆ ಕೋಣೆಯ ಡ್ರಾಯರುಗಳಲ್ಲಿ ನೀರಿನ ಪಿಸ್ತೂಲುಗಳ ಜೊತೆಗೆ ಗುಂಡಿಲ್ಲದ ನಿಜವಾದ ಕೈಬಂದೂಕೊಂದನ್ನು ಇಟ್ಟಿದ್ದರು. 48 ಹುಡುಗರಿಗೆ ಅದು ಸಿಕ್ಕಿತು, 30 ಮಂದಿ ಅದನ್ನು ಕೈಗೆ ತೆಗೆದುಕೊಂಡರು, 16 ಮಂದಿ ಟ್ರಿಗರ್ ಒತ್ತಿದರು. ಹಾಗೆ ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬಂದೂಕಿನ ಸುರಕ್ಷತೆಯ ಬಗ್ಗೆ ಯಾರಾದರೊಬ್ಬರು ಹಿಂದೆಯೇ ಹೇಳಿಕೊಟ್ಟಿದ್ದರು. ಸಿಕ್ಕಿದ್ದು ನಿಜವಾದದ್ದೋ ಆಟಿಕೆಯೋ ಎಂದು ಸರಿಯಾಗಿ ತಿಳಿಯದವರು ಬಂದೂಕು ಸಿಕ್ಕಿದ ಆ 48 ಮಂದಿಯಲ್ಲಿ ಸುಮಾರು ಅರ್ಧದಷ್ಟಿದ್ದರು. ಆ ಮಕ್ಕಳು ಕೆಟ್ಟವರಲ್ಲ, ಮಾತು ಕೇಳದವರೂ ಅಲ್ಲ. ಜೊತೆಯಲ್ಲಿ ಗೆಳೆಯನಿದ್ದಾನೆ, ಎದುರಿಗೆ ಕುತೂಹಲದ ವಸ್ತುವಿದೆ, ದೊಡ್ಡವರು ಯಾರೂ ಇಲ್ಲ. ಅಂಥ ಹೊತ್ತಿನಲ್ಲಿ ಕೇಳಿ ಕಲಿತ ಪಾಠ ಹಿಂದೆ ಸರಿಯುತ್ತದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆಗಳಿವೆ. 2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಬಂದೂಕು ಹದಿಹರೆಯದ ಹುಡುಗನ ಕೈಗೆ ಸಿಕ್ಕು, ಗುಂಡು ಹಾರಿ, ಪುಟ್ಟ ಮಗುವೊಂದು ತೀರಿಕೊಂಡಿತು. ಇಂಥ ಸುದ್ದಿ ಓದಿದಾಗ ಹುಡುಗನ ಮೇಲೆ ಸಿಟ್ಟು ಬರುವುದು ಸಹಜ. ನನ್ನ ಮನಸ್ಸು ಮಾತ್ರ ಆ ಬಂದೂಕು ಅವನ ಕೈಗೆಟಕುವಲ್ಲಿ, ಗುಂಡು ತುಂಬಿ ಬಾರಾದ ಸ್ಥಿತಿಯಲ್ಲಿ, ಏಕಿತ್ತು ಎಂಬುದರ ಕಡೆಗೇ ಹೋಗುತ್ತದೆ.

ಕೋವಿ ಹಾಗೆ ಉಳಿದುಬಿಡುವ ಗಳಿಗೆ ಯಾವುದೆಂದು ತೋಟದ ಮನೆಯವರಿಗೆ ಗೊತ್ತು. ಹಂದಿ ಗದ್ದೆಗೆ ನುಗ್ಗುವ ಕಾಲದಲ್ಲಿ ರಾತ್ರಿಯೆಲ್ಲ ಕಾವಲು ಕಾದು, ಮಳೆಯಲ್ಲಿ ನೆನೆದು, ಬೆಳಗಿನ ಜಾವ ಮನೆಗೆ ಬಂದವನು ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿ ಮಲಗುತ್ತಾನೆ. ‘ಎದ್ದ ಮೇಲೆ ಖಾಲಿ ಮಾಡಿದರಾಯಿತು’ ಎಂದುಕೊಳ್ಳುತ್ತಾನೆ. ಮಕ್ಕಳು ಅವನಿಗಿಂತ ಮೊದಲು ಏಳುತ್ತಾರೆ. ಆದ್ದರಿಂದ ಮನೆಯೊಳಗೆ ಕಾಲಿಡುವ ಮೊದಲು ಅಂಗಳದಲ್ಲೇ ಕೋವಿ ಖಾಲಿಯಾಗಬೇಕು ಎಂಬುದನ್ನು ನಾನು ಉಳಿದೆಲ್ಲ ನಿಯಮಗಳಿಗಿಂತ ಮೇಲಿಡುತ್ತೇನೆ. ತೋಟಾ, ಅಂದರೆ ಮದ್ದುಗುಂಡು ಸೇರಿದ ಕೊಳವೆ, ಹಾಕುವ ಕೋವಿಯಾದರೆ ಇದು ಸುಲಭ: ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಸನ್ನೆ ಒತ್ತಿ ಮಡಚಿ, ತೋಟಾಗಳನ್ನು ಹೊರತೆಗೆದು, ಎರಡೂ ನಳಿಗೆಗಳೊಳಗಿಂದ ಬೆಳಕು ಕಾಣುವುದನ್ನು ನೋಡಬೇಕು, ಕತ್ತಲಿದ್ದರೆ ಬೆರಳು ಹಾಕಿ ಮುಟ್ಟಿ ನೋಡಬೇಕು. ಮ್ಯಾಗಜೀನ್ ಇರುವ ರೈಫಲ್ ಆದರೆ ಕ್ರಮ ತಪ್ಪಬಾರದು. ಮೊದಲು ಮ್ಯಾಗಜೀನ್ ತೆಗೆದು, ಆಮೇಲೆ ಬೋಲ್ಟ್ ಎಳೆದು ಒಳಗಿನದನ್ನು ಹೊರಹಾಕಬೇಕು. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಯಿತೆಂದು ತಿಳಿದವರು ನಳಿಗೆಯ ಬುಡದಲ್ಲಿ ಕುಳಿತ ಒಂದು ಗುಂಡನ್ನು ಮರೆಯುತ್ತಾರೆ.

ನಿಜವಾಗಿ ಕಷ್ಟ ಕೊಡುವುದು ಕೇಪಿನ ಕೋವಿ, ಅಂದರೆ ಕೇಪೆಂಬ ಪುಟ್ಟ ಲೋಹದ ಟೋಪಿಯ ಕಿಡಿಯಿಂದ ಹಾರುವ ಹಳೆಯ ಬಗೆಯ ಕೋವಿ. ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಿ ಗಜವೆಂಬ ಉದ್ದ ಸರಳಿನಿಂದ ಜಡಿದ ಮೇಲೆ ಅದನ್ನು ಮತ್ತೆ ಖಾಲಿ ಮಾಡುವುದು ತೊಡಕಿನ ಕೆಲಸ. ಹಾರಿಸಿಯೇ ಖಾಲಿ ಮಾಡುವವರು ಹೆಚ್ಚು. ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಕೇಪನ್ನಷ್ಟೇ ತೆಗೆದು, ಬಾರಾದ ಕೋವಿಯನ್ನೇ ಗೋಡೆಗೆ ತೂಗುಹಾಕುತ್ತಾರೆ. ಕೇಪು ಇಲ್ಲವಲ್ಲ ಎಂಬ ಸಮಾಧಾನ ಸಾಲದು. ಕೇಪುಗಳ ಡಬ್ಬಿ ಸಾಮಾನ್ಯವಾಗಿ ಅದೇ ಗೂಡಿನಲ್ಲಿರುತ್ತದೆ, ದೊಡ್ಡವರು ಅದನ್ನು ಎಲ್ಲಿ ಕೂರಿಸುತ್ತಾರೆಂದು ಮಗು ಹತ್ತು ಸಲ ನೋಡಿರುತ್ತದೆ. ಹಳೆಯ ಕೇಪಿನ ಮದ್ದು ಕೇಪು ಕೂರುವ ಮೊಳೆಯ ಮೇಲೆ ಅಂಟಿ ಉಳಿದಿದ್ದರೆ, ಕೇಪಿಗೆ ಹೊಡೆಯುವ ಕುದುರೆ ಬಿದ್ದ ಹೊಡೆತಕ್ಕೆ ಅದೇ ಕಿಡಿ ಕಾರಬಹುದು. ಇಂಥ ಕೋವಿ ಖಾಲಿಯೋ ಬಾರಾಗಿದೆಯೋ ಎಂಬುದು ಕಣ್ಣಿಗೆ ಕಾಣುವುದೂ ಇಲ್ಲ. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಗಜದ ಮೇಲೆಯೇ ಒಂದು ಗೆರೆ ಕೊರೆದಿಟ್ಟರೆ, ಆ ಗೆರೆ ನಳಿಗೆಯ ಬಾಯಿಯಿಂದ ಮೇಲೆ ನಿಂತ ದಿನ ಒಳಗೆ ಏನೋ ಇದೆ ಎಂದು ತಿಳಿಯುತ್ತದೆ. ಹಾಗೆ ಪರೀಕ್ಷಿಸುವಾಗಲೂ ಕೇಪು ತೆಗೆದಿರಬೇಕು, ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ನೇರವಾಗಿರಬಾರದು.

ಇಡುವ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಕೋವಿ ಗೋಡೆಗೆ ತಿರುಪು ಹಾಕಿ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಬೀಗದಲ್ಲಿ, ಬೀಗದ ಕೈ ಹಿರಿಯರ ಬಳಿಯಲ್ಲಿ. ಅಟ್ಟ, ಹಾಸಿಗೆಯ ಅಡಿ, ಬೀರುವಿನ ಮೇಲ್ಭಾಗ ಇವು ಯಾವುವೂ ಬಚ್ಚಿಡುವ ಜಾಗಗಳಲ್ಲ. ಮನೆಯ ಮಕ್ಕಳಿಗೆ ತಿಳಿಯದ ಮೂಲೆ ಮನೆಯಲ್ಲಿ ಇರುವುದಿಲ್ಲ. ಒಳ್ಳೆಯ ತರಬೇತಿ ಪಡೆದ ಹದಿನೈದು ಹದಿನಾರರ ಮಗ ಅಥವಾ ಮಗಳಿಗೂ ಬೀಗದ ಕೈ ಕೊಡಬಾರದೆಂದು ನಾನು ಹೇಳುವಾಗ ಕೆಲವರಿಗೆ ಬೇಸರವಾಗುತ್ತದೆ. ಆ ವಯಸ್ಸಿನಲ್ಲಿ ಪರೀಕ್ಷೆಯ ಫಲಿತಾಂಶ, ಮನೆಯ ಜಗಳ, ಒಂದು ಅವಮಾನ ತರುವ ಹತಾಶೆ ಬಹಳ ತೀವ್ರವಾಗಿರುತ್ತದೆ, ಬಹಳ ಸಲ ಸ್ವಲ್ಪ ಹೊತ್ತಿನಲ್ಲಿ ಇಳಿದೂ ಹೋಗುತ್ತದೆ. ಆ ಹೊತ್ತಿನಲ್ಲಿ ಕೋವಿ ಕೈಗೆ ಸಿಗದಿರುವುದೇ ಒಂದು ಜೀವವನ್ನು ಉಳಿಸುತ್ತದೆ. ಮನೆಯಲ್ಲಿ ಯಾರಾದರೂ ಮನಸ್ಸಿನ ಸಂಕಟದಲ್ಲಿದ್ದಾರೆಂದು ತೋರಿದರೆ ಕೋವಿಯನ್ನು ಕೆಲಕಾಲ ಮನೆಯಿಂದಲೇ ಹೊರಗಿಡುವ ಏರ್ಪಾಡು ಮಾಡಬೇಕು. ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ಬರುವ ರೂಢಿ ನಮಗೆ ಇದ್ದೇ ಇದೆ. ಮಕ್ಕಳ ಸಲುವಾಗಿ ಅಂಥದೊಂದು ಏರ್ಪಾಡು ಮಾಡಿಕೊಳ್ಳುವುದು ದೊಡ್ಡ ಮಾತಲ್ಲ.

ಇಷ್ಟಾದ ಮೇಲೆ ಪಾಠ. ಚಿಕ್ಕ ಮಕ್ಕಳಿಗೆ, ಅಂದರೆ ಮಾತು ಅರ್ಥವಾಗುವ ವಯಸ್ಸಿನಿಂದ ಎಂಟು ಒಂಬತ್ತರವರೆಗೆ, ಕೋವಿಯ ವಿದ್ಯೆ ಏನೂ ಬೇಡ. ಎಲ್ಲಿಯಾದರೂ ಕೋವಿಯೋ ತೋಟಾವೋ ಕಂಡರೆ ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು ಎಂಬುದಷ್ಟು ಸಾಕು. ಇದನ್ನು ಬಾಯಲ್ಲಿ ಒಪ್ಪಿಸಿದರೆ ಕಲಿತಂತಾಗುವುದಿಲ್ಲ. ಮಗು ಅದನ್ನು ಮಾಡಿ ತೋರಿಸಬೇಕು, ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು. ಬಂದು ಹೇಳಿದ ಮಗುವನ್ನು ‘ಅಲ್ಲಿಗೇಕೆ ಹೋಗಿದ್ದೆ’ ಎಂದು ಗದರಿದರೆ ಮುಂದಿನ ಸಲ ಅದು ಹೇಳುವುದಿಲ್ಲ. ದೀಪಾವಳಿಯ ಕೇಪು ಪಿಸ್ತೂಲನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ, ಆದರೆ ಏರ್‌ಗನ್ ಆಟಿಕೆಯಲ್ಲ. ಕಡಿಮೆ ಶಕ್ತಿಯವಕ್ಕೆ ಪರವಾನಗಿ ಬೇಡವೆಂಬ ಕಾರಣಕ್ಕೆ ಅದನ್ನು ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡುವವರಿದ್ದಾರೆ. ಅದರ ಸೀಸದ ಕಾಳು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಕೋವಿಗೆ ಅನ್ವಯಿಸುವ ಎಲ್ಲ ನಿಯಮಗಳೂ ಅದಕ್ಕೂ ಅನ್ವಯಿಸುತ್ತವೆ, ಬೀಗ ಸಹಿತವಾಗಿ.

ಹನ್ನೆರಡರ ಆಚೆಗೆ, ಮಗುವಿಗೆ ನಿಜವಾದ ಆಸಕ್ತಿಯಿದ್ದರೆ, ರೈಫಲ್ ಕ್ಲಬ್ಬಿನಲ್ಲೋ ಮುಂದೆ ಎನ್‌ಸಿಸಿಯಲ್ಲೋ ಕಲಿಯುವುದೇ ಲೇಸು. 21 ತುಂಬದವರಿಗೆ ಕಾನೂನಿನಲ್ಲಿ ಪರವಾನಗಿ ಇಲ್ಲ; ತರಬೇತಿಗಾಗಿ ಮಾತ್ರ, ನಿಯಮಗಳ ಚೌಕಟ್ಟಿನಲ್ಲಿ, ಕಿರಿಯರಿಗೆ ಅವಕಾಶವಿದೆ. ಎನ್‌ಸಿಸಿಯ .22 ರೈಫಲ್ ಹಿಡಿದವರಿಗೆ ‘ಜಾಂಚ್ ಶಸ್ತ್ರ’ ಎಂಬ ಆಜ್ಞೆ ನೆನಪಿರುತ್ತದೆ. ಬೋಲ್ಟ್ ತೆರೆದು, ಖಾಲಿಯಾಗಿದೆ ಎಂದು ಮತ್ತೊಬ್ಬರ ಕಣ್ಣಿಗೆ ತೋರಿಸುವ ಆ ಕ್ರಮವನ್ನು ಮನೆಗೂ ತರಬೇಕು. ಕೋವಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕೊಡುವಾಗಲೆಲ್ಲ ಅದು ತೆರೆದಿರಬೇಕು, ಪಡೆದವರು ತಾವೇ ಮತ್ತೆ ನೋಡಬೇಕು. ತಾತ ಕೊಟ್ಟರೂ ಮೊಮ್ಮಗಳು ತೆರೆದು ನೋಡಬೇಕು. ಹಿರಿಯರ ಮಾತಿಗೆ ಎದುರಾಡಬಾರದೆಂದು ಬೆಳೆಸಿದ ಮಕ್ಕಳಿಗೆ ಇದೊಂದರಲ್ಲಿ ಪೂರ್ತಿ ಸ್ವಾತಂತ್ರ್ಯ ಕೊಡಬೇಕು: ನಳಿಗೆ ಯಾರದಾದರೂ ಕಡೆ ತಿರುಗಿದರೆ ‘ಮಾವ, ಕೋವಿ ತಿರುಗಿಸಿ’ ಎಂದು ಎಲ್ಲರ ಎದುರಿನಲ್ಲಿ ಹೇಳುವ ಸ್ವಾತಂತ್ರ್ಯ. ಮಾವ ಅದಕ್ಕೆ ಮುನಿಸಿಕೊಳ್ಳಬಾರದು.

ಮೊದಲ ಪಾಠಗಳಲ್ಲಿ ತೋಟಾ ಆ ಕೋಣೆಯಲ್ಲೇ ಇರಬಾರದು. ನಾನು ಎಲ್ಲಕ್ಕಿಂತ ಮೊದಲು ನಳಿಗೆಯ ದಿಕ್ಕನ್ನು ಕಲಿಸುತ್ತೇನೆ, ಏಕೆಂದರೆ ಉಳಿದ ಯಾವ ತಪ್ಪಾದರೂ ದಿಕ್ಕು ಸರಿಯಿದ್ದರೆ ಪ್ರಾಣ ಹೋಗುವುದಿಲ್ಲ. ತಿರುಗಿ ಮಾತನಾಡಿಸಿದಾಗ ದೇಹದ ಜೊತೆ ನಳಿಗೆಯೂ ತಿರುಗುತ್ತದೆ; ಹೊಸಬರೆಲ್ಲರಲ್ಲೂ ಇದು ಕಾಣುತ್ತದೆ. ಹಾಗಾಗಿ ಪಾಠದ ನಡುವೆ ಬೇಕೆಂದೇ ಹಿಂದಿನಿಂದ ಕರೆಯಬೇಕು, ಅದು ನಿಲ್ಲುವವರೆಗೆ ಮುಂದಿನ ಪಾಠಕ್ಕೆ ಹೋಗಬಾರದು. ಬೇಲಿ ದಾಟುವಾಗ, ಏರಿ ಹತ್ತುವಾಗ, ಕೆಸರಿನಲ್ಲಿ ಕಾಲಿಡುವಾಗ ಕೋವಿ ಖಾಲಿಯಾಗಿ ತೆರೆದೇ ಇರಬೇಕು. ಗುರಿ ಕಣ್ಣೆದುರು ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗೆ ನೇರವಾಗಿ ಚಾಚಿರಬೇಕು. ಸುಮಾರು ಮೂರು ಕಿಲೋ ತೂಗುವ ಹನ್ನೆರಡು ಬೋರಿನ ಕೋವಿಯನ್ನು ಚಿಕ್ಕ ಕೈಗಳಿಗೆ ಕೊಟ್ಟರೆ ಭಾರಕ್ಕೆ ನಳಿಗೆ ಕುಸಿಯುತ್ತದೆ, ಹಿಡಿತಕ್ಕಾಗಿ ಬೆರಳು ತಾನಾಗಿ ಟ್ರಿಗರಿಗೆ ಹೋಗುತ್ತದೆ. ಅದು ಮಗುವಿನ ತಪ್ಪಲ್ಲ, ಕೊಟ್ಟವರ ತಪ್ಪು. ಟ್ರಿಗರ್ ಒತ್ತಿದರೂ ಈಡು ಹಾರದಿದ್ದರೆ ಕೂಡಲೇ ತೆರೆಯದೆ, ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮುಗಿದ ಮೇಲೆ ಸೋಪು ಹಾಕಿ ಕೈತೊಳೆಯುವುದು ಇವೂ ಪಾಠದ ಭಾಗವೇ.

ಗುರಿಯ ಹಿಂದೆ ಏನಿದೆ ಎಂಬುದನ್ನು ಕಲಿಸುವುದು ಇನ್ನೂ ನಿಧಾನದ ಕೆಲಸ. .22 ಗುಂಡು ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದೆಂದರೆ ಮಕ್ಕಳು ನಂಬುವುದಿಲ್ಲ. ಮೈದಾನದಿಂದ ಅಷ್ಟು ದೂರದ ಮನೆಯನ್ನು ಬೆರಳಿಟ್ಟು ತೋರಿಸಿದಾಗ ಸುಮ್ಮನಾಗುತ್ತಾರೆ. ಹಂದಿಯೆಂದು ಭಾವಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಗಳು ನಮ್ಮ ಕಾಡಂಚಿನ ಊರುಗಳಿಂದ ಬರುತ್ತಲೇ ಇರುತ್ತವೆ. ಸೊಪ್ಪು ಅಲುಗಿದ್ದು, ಸದ್ದು ಕೇಳಿದ್ದು ಗುರಿಯಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ ಎಂಬುದನ್ನೂ ಮಕ್ಕಳು ಇದೇ ಪಾಠದಲ್ಲಿ ಕೇಳಬೇಕು.

ಇನ್ನುಳಿದದ್ದು ಬೇರೆಯವರ ಮನೆ. ಹಬ್ಬಕ್ಕೆ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಇಡೀ ಒಕ್ಕ (ಕುಲದ ಕುಟುಂಬಗಳೆಲ್ಲ) ಸೇರಿದಾಗ, ಪೂಜೆಗಿಟ್ಟ ಕೋವಿಗಳು ಸಾಲಾಗಿ ನಿಂತಿರುವಾಗ, ಮಕ್ಕಳು ಗುಂಪಾಗಿ ಓಡಾಡುತ್ತಾರೆ. ಆ ದಿನ ಒಬ್ಬ ಹಿರಿಯರಾದರೂ ಕೋವಿಗಳ ಪಕ್ಕದಿಂದ ಕದಲಬಾರದು, ಪೂಜೆಗಿಡುವ ಮೊದಲೇ ಅವರು ಪ್ರತಿಯೊಂದನ್ನೂ ತೆರೆದು ನೋಡಿರಬೇಕು. ರಜೆಗೆ ಮಕ್ಕಳನ್ನು ನೆಂಟರ ತೋಟದ ಮನೆಗೆ ಕಳುಹಿಸುವ ಮೊದಲು ಫೋನು ಮಾಡಿ, ಕೋವಿ ಇದೆಯೇ, ಬೀಗದೊಳಗಿದೆಯೇ ಎಂದು ಕೇಳಿ. ಕೇಳಲು ಸಂಕೋಚವಾಗುತ್ತದೆ ಎನ್ನುತ್ತಾರೆ. ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ಹೇಳಿ ಕಳುಹಿಸಲು ನಮಗೆ ಸಂಕೋಚವಿಲ್ಲ. ನನ್ನನ್ನು ಹೀಗೆ ಕೇಳಿದವರಿಗೆ ನಾನು ಪೆಟ್ಟಿಗೆಯನ್ನೂ ಅದರ ಬೀಗವನ್ನೂ ತೋರಿಸುತ್ತೇನೆ.