ಏತಡ್ಕದ ಕಟ್ಟದಿಂದ ಕುಂಬಳೆಯ ಅಳಿವೆಗೆ

ಜನವರಿಯಲ್ಲಿ ಕಾಸರಗೋಡಿಗೆ ಹೋದರೆ ಬದಿಯಡ್ಕ ದಾಟಿ ಏತಡ್ಕಕ್ಕೂ ಹೋಗಿ ಬನ್ನಿ. ಮಳೆ ನಿಂತ ಮೇಲೆ ಇಲ್ಲಿನ ಕೃಷಿಕರು ಸೇರಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಅದೇ ಕಟ್ಟ. ನಾವು ಹೋದಾಗ ಕಟ್ಟ ತುಂಬಿತ್ತು. ದಡದ ಮರಗಳ ಎಲೆ ನೀರಲ್ಲಿ ತೇಲುತ್ತಿತ್ತು.

ಆ ಎಲೆ ಕಸವಲ್ಲ. ಅದು ಕೊಳೆತಾಗ ಏಡಿ, ನೀರುಹುಳುಗಳಿಗೆ ಆಹಾರ. ಹುಳುಗಳು ರೆಕ್ಕೆ ಬಂದು ಮೇಲೆದ್ದರೆ ಜೇಡಕ್ಕೂ ಹಕ್ಕಿಗೂ ಊಟ. ನೀರುಕಾಗೆ ಮೀನು ತಿಂದು ಮರದಲ್ಲಿ ಕೂತು ಹಿಕ್ಕೆ ಹಾಕಿದರೆ ಹೊಳೆಯ ಸಾರಜನಕ, ರಂಜಕ ಮರದ ಬುಡ ಸೇರಿತು. ನೆಲ ಕೊಟ್ಟದ್ದನ್ನು ನೀರು ಹೀಗೆ ವಾಪಸ್ ಕೊಡುತ್ತದೆ.

ಜೊತೆಗಿದ್ದ ಹಿರಿಯ ಕೃಷಿಕರನ್ನು ಕೇಳಿದೆ, "ಅಣ್ಣ, ಮೊದಲು ಇಲ್ಲಿ ಗದ್ದೆ ಇತ್ತಾ?"

"ಪೂರಾ ಗದ್ದೆಯೇ. ಮೊದಲ ಮಳೆಗೆ ಮೀನು ತೋಡು ಹತ್ತಿ ಗದ್ದೆಗೇ ಬರುತ್ತಿತ್ತು. ಈಗ ಎಲ್ಲಿಗೆ ಬರಬೇಕು ಹೇಳಿ?"

ಆ ಮಾತು ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಗದ್ದೆಯ ತೆಳು ನೀರಲ್ಲಿ ಮೀನು ಮೊಟ್ಟೆ ಇಡುತ್ತಿತ್ತು. ಅದರ ಹಿಂದೆಯೇ ಬೆಳ್ಳಕ್ಕಿ, ಕಪ್ಪೆ, ಹಾವು ಬರುತ್ತಿದ್ದವು. ಈಗ ಗದ್ದೆ ಏರಿಸಿ ಅಡಿಕೆ ನೆಟ್ಟಾಗಿದೆ, ತೋಡಿಗೆ ಎರಡೂ ಬದಿ ಗೋಡೆ ಎದ್ದಿದೆ. ಕೇರಳದಲ್ಲಿ ಗದ್ದೆ ಉಳಿಸುವ ಕಾನೂನು ಬಂದದ್ದು 2008ರಲ್ಲಿ. ಅಷ್ಟರಲ್ಲಿ ಎಷ್ಟೋ ಬೈಲುಗಳು ತೋಟವಾಗಿದ್ದವು. ಭತ್ತದಲ್ಲಿ ಗಿಟ್ಟದೆ ಅಡಿಕೆ ಹಾಕಿದವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ತೋಡಿನ ದಡದಲ್ಲಿ ಒಂದು ಸಾಲು ಕಾಡುಮರ ಬಿಡಬಹುದಿತ್ತು ಅಲ್ವಾ?

ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಸಿಂಪಡಿಸಲೇಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅದರ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಲ್ಲಿ ಕೂಡುತ್ತಾ ಹೋಗುತ್ತದೆ, ಜೋರು ಮಳೆಗೆ ತೋಡಿಗೂ ಇಳಿಯುತ್ತದೆ. ಪಾಚಿಗೂ ಬಸವನಹುಳುವಿಗೂ ಅದು ವಿಷ. ಇದೇ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡದ ಮೇಲೆ ಬಿದ್ದದ್ದು ಗುಡ್ಡದಲ್ಲೇ ನಿಲ್ಲುವುದಿಲ್ಲ ಎನ್ನುವುದನ್ನು ಎಣ್ಮಕಜೆಯಂಥ ಊರುಗಳು ಮೈಯಲ್ಲಿ ಅನುಭವಿಸಿವೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಂಜೆ ಹೊಳೆ ಕಡಲು ಸೇರುವ ಕುಂಬಳೆಯ ಅಳಿವೆಗೆ ಬಂದೆವು. ನೀರು ಇಳಿದಿತ್ತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಏಡಿಗಳ ಓಡಾಟ. ಉದುರಿದ ಎಲೆಯನ್ನು ಅವು ಬಿಲಕ್ಕೆ ಎಳೆಯುತ್ತವೆ, ಹರಿದು ಪುಡಿ ಮಾಡುತ್ತವೆ. ಆ ಪುಡಿಯೇ ಸಿಗಡಿಗೂ ಮೀನುಮರಿಗೂ ಮೇವು. ಕಾಂಡ್ಲ ಕಡಿದರೆ ಮೊದಲ ನಷ್ಟ ಬಲೆ ಹಾಕುವವರಿಗೆ. ದಡ ಕುಸಿಯುತ್ತದೆ ಅಂತ ಎಲ್ಲ ಕಡೆ ಕಲ್ಲುಗೋಡೆ ಕಟ್ಟಬೇಕಾಗಿಲ್ಲ. ಕಾಂಡ್ಲದ ಕೆಲವು ಜಾತಿಗಳಲ್ಲಿ ಬೀಜ ಮರದಲ್ಲೇ ಮೊಳೆತು ಕೋಲಿನ ಹಾಗೆ ನೇತಾಡುತ್ತದೆ. ನೀರು ಇಳಿದ ಹೊತ್ತಲ್ಲಿ ಅದನ್ನು ಕೆಸರಿಗೆ ಊರಿದರೆ ಸಾಕು, ಬೇರು ಬಿಡುತ್ತದೆ.