ಪಾಂಪೆಯ ಹರಾಜು ರಸೀದಿ ಮನೇಲಿ ಮಾಡೋ ಪ್ರಾಜೆಕ್ಟ್: ಮೇಣ ಕೂತಿದೆ, ದಾರ ಬಾಕಿ

ಹಲಗೆ ಕೆಲಸ ಮುಗೀತು, ಮೇಣನೂ ಹುಯ್ದಾಯ್ತು, ಅದಕ್ಕೇ ಈ ಅಪ್‌ಡೇಟ್. ಹೊಸಬರಿಗೆ ಸ್ವಲ್ಪದ್ರಲ್ಲಿ ಹೇಳ್ಬಿಡ್ತೀನಿ: 1875ರಲ್ಲಿ ಇಟಲಿಯ ಹಳೇ ರೋಮನ್ ಊರು ಪಾಂಪೆಯಲ್ಲಿ ಕೈಸಿಲಿಯಸ್ ಯುಕುಂಡಸ್ ಅನ್ನೋನ ಮನೇಲಿ ಒಂದು ಮರದ ಪೆಟ್ಟಿಗೆ ಸಿಕ್ತು, ಅದರ ತುಂಬ ಮೇಣದ ಹಲಗೆಗಳು (ಮರದ ಹಲಗೆಗೆ ಮೇಣ ಹುಯ್ದು ಅದರ ಮೇಲೆ ಗೀರಿ ಬರೆಯೋದು), 150ಕ್ಕೂ ಜಾಸ್ತಿ ಪತ್ರ. ಇವನ ದಂಧೆ ಏನಂದ್ರೆ ಹರಾಜಲ್ಲಿ ಮಾಲು ಮಾರಿದವ್ರಿಗೆ ತನ್ನ ಕಮಿಷನ್ ಹಿಡ್ಕೊಂಡು ದುಡ್ಡು ಕೊಡೋದು, ಆಮೇಲೆ ಕೊಂಡವ್ರ ಹತ್ರ ವಸೂಲಿ ಮಾಡ್ಕೊಳ್ಳೋದು. ಪೆಟ್ಟಿಗೇಲಿ ಇದ್ದಿದ್ದು ಹೆಚ್ಚುಕಮ್ಮಿ ಎಲ್ಲಾ "ದುಡ್ಡು ಮುಟ್ಟಿದೆ" ಅನ್ನೋ ರಸೀದಿಗಳೇ.

ನಾನು ಆರಿಸ್ಕೊಂಡಿರೋದು ಉಂಬ್ರಿಕಿಯಾ ಯಾನುವಾರಿಯಾ ಅನ್ನೋ ಹೆಂಗಸಿನ ರಸೀದಿ, ಕ್ರಿ.ಶ. 56ರ ಡಿಸೆಂಬರ್ 12ರದ್ದು, ಮೊತ್ತ 11,039 ಸೆಸ್ಟರ್ಸ್ (ರೋಮನ್ ನಾಣ್ಯ). ಆಗ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ 900, ಲೆಕ್ಕ ಹಾಕಿ ನೋಡಿ, ಆಯಮ್ಮ ಏನ್ ಮಾರಿದ್ಳೋ, ದುಡ್ಡಂತೂ ದೊಡ್ಡದೇ.

ಮರಕ್ಕೆ ಹಳೇ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತಗೊಂಡೆ. ಇದೇನು ಜುಗ್ಗತನ ಅನ್ಕೋಬೇಡಿ, ಲಂಡನ್ನಲ್ಲಿ ರೋಮನ್ನರು ಹಳೇ ಪೀಪಾಯಿ ಒಡೆದು ಅದರ ಮರದಲ್ಲೇ ಹಲಗೆ ಮಾಡ್ಕೊಂಡಿದ್ದಾರೆ, ಅಲ್ಲಿ ಅಂಥ 405 ಹಲಗೆ ಸಿಕ್ಕಿವೆ. ಅಂಚು ಬಿಟ್ಟು ಮಧ್ಯದಲ್ಲಿ ತೆಳ್ಳಗೆ ಉಳಿಯಲ್ಲಿ ತೋಡಿ, ಆ ತಗ್ಗಿಗೆ ಮೇಣ ಹುಯ್ಯೋದು. ಜೇನುಮೇಣ ಗ್ರಂಧಿಗೆ ಅಂಗಡೀಲಿ ಸಿಕ್ತು, ಕಪ್ಪು ಬಣ್ಣಕ್ಕೆ ಹರಳೆಣ್ಣೆ ದೀಪದ ಮಸಿ ಹಿಡಿದು ಬೆರೆಸಿದೆ (ಕಾಡಿಗೆ ಮಾಡೋಕೆ ಮಸಿ ಹಿಡೀತಾರಲ್ಲ, ಹಂಗೇ). ತಳ ನಯವಾಗಿದ್ರೆ ಮೇಣ ಆರಿದ ಮೇಲೆ ಎದ್ದು ಬರುತ್ತೆ, ಉಳಿಯಿಂದ ಸ್ವಲ್ಪ ಗೀರಿದ್ರೆ ಕಚ್ಕೊಳ್ಳುತ್ತೆ. ಬರೆಯೋದು ಮಾತ್ರ ಮಜಾ. ಮೇಣದಲ್ಲಿ ಗೆರೆ ಎಳೆಯೋದು ಸುಲಭ, ದುಂಡಗೆ ತಿರುಗಿಸೋದು ಕಷ್ಟ, ಅದಕ್ಕೇ ಇರ್ಬೇಕು ಇವರ ಕೈಬರಹದಲ್ಲಿ 'E' ಅಕ್ಷರ ಅಂದ್ರೆ ಬರೀ ಎರಡು ಉದ್ದಗೆರೆ.

ಈಗ ನಂಗೆ ತುಂಬ ಇಷ್ಟ ಆಗಿರೋ ಭಾಗಕ್ಕೆ ಬರ್ತೀನಿ. ಬರೆಯೋ ಕಡ್ಡಿಯ ಚಪ್ಪಟೆ ತುದಿ ತಗೊಂಡು ತೀಡಿದ್ರೆ ಮೇಣದ ಮೇಲೆ ಬರೆದಿದ್ದು ಮಾಯ, ಹಂಗಿರುವಾಗ ಸಾಲದ ಪತ್ರ, ರಸೀದಿ ಇಂಥದ್ದನ್ನೆಲ್ಲ ಇದರ ಮೇಲೆ ಯಾಕ್ ಬರೀತಿದ್ರು ಅಂತ ಯಾರಿಗಾದ್ರೂ ಅನ್ಸುತ್ತೆ. ಕೈಯಲ್ಲಿ ಮಾಡ್ತಾ ಮಾಡ್ತಾ ಅರ್ಥ ಆಯ್ತು, ಅವರು ನಂಬಿದ್ದು ಮೇಣನಲ್ಲ, ಕಟ್ಟನ್ನ. ಒಟ್ಟು ಮೂರು ಹಲಗೆ. ಮೊದಲ ಎರಡರ ಒಳಮುಖದಲ್ಲಿ ಅಸಲು ಪತ್ರ ಬರೆದು, ಮುಚ್ಚಿ, ದಾರ ಸುತ್ತಿ, ಎರಡನೇ ಹಲಗೆಯ ಹಿಂದೆ ತೋಡಿರೋ ಉದ್ದ ತಗ್ಗಲ್ಲಿ ದಾರದ ಮೇಲೆ ಸಾಕ್ಷಿಗಳು ಉಂಗುರ ಒತ್ತಿ ಸೀಲ್ ಹಾಕ್ತಾರೆ, ಪಕ್ಕದಲ್ಲಿ ಶಾಯೀಲಿ ಅವರ ಹೆಸರು. ಮೂರನೇ ಹಲಗೇಲಿ ಅದೇ ವ್ಯವಹಾರ ಇನ್ನೊಂದ್ಸಲ, ಅದು ತೆರೆದೇ ಇರುತ್ತೆ, ಯಾವಾಗ ಬೇಕಾದ್ರೂ ಓದ್ಬಹುದು. ಯಾರಾದ್ರೂ ಹೊರಗಿನದ್ದು ತಿದ್ದಿದ್ರೆ ಜಗಳ ಬಂದಾಗ ಸೀಲ್ ಒಡೆದು ಒಳಗಿನದ್ದು ನೋಡಿದ್ರಾಯ್ತು.

ಆದ್ರೂ ಕಳ್ಳರು ಕಳ್ಳರೇ. ದಾರ ಸುಮ್ನೆ ಹೊರಗಿಂದ ಸುತ್ತಿದ್ರೆ ಜಾರಿಸಿ ತೆಗೆಯೋಕೆ ದಾರಿ ಇರುತ್ತೆ, ನಾನೇ ಖಾಲಿ ಹಲಗೆ ಇಟ್ಕೊಂಡು ನೋಡ್ದೆ, ನಿಧಾನಕ್ಕೆ ಎಳೆದ್ರೆ ಬಂದೇಬಿಡುತ್ತೆ. ರೋಮನ್ ಚಕ್ರವರ್ತಿ ನೀರೋ ಕಾಲದಲ್ಲಿ ಇದಕ್ಕೇ ರೂಲ್ಸ್ ಬಂತು: ಹಲಗೆಗೆ ತೂತು ಕೊರೆದು ಆ ತೂತುಗಳಲ್ಲಿ ದಾರ ಮೂರು ಸಲ ಹಾಯಿಸಿರಬೇಕು. ನನ್ನ ರಸೀದಿ 56ರದ್ದು, ಈ ರೂಲ್ಸ್‌ಗಿಂತ ಮುಂಚಿನದ್ದು, ಅದಕ್ಕೇ ತೂತು ಇಲ್ಲದೇನೇ ಮಾಡ್ತಿದೀನಿ, ಪಕ್ಕದಲ್ಲಿ ಇಡೋಕೆ ತೂತು ಇರೋ ಇನ್ನೊಂದು ಜೋಡಿ ಬೇರೆ ಮಾಡ್ತೀನಿ, ಎರಡೂ ಎದುರಿಗಿದ್ರೆ ವ್ಯತ್ಯಾಸ ಹೇಳೋದೇ ಬೇಡ.

ಸಾಕ್ಷಿಗೆ ಏಳು ಜನ ಇಟ್ಕೊಂಡೆ, ಮನೇಲಿ ಇದೇ ಗಲಾಟೆ. ಯುಕುಂಡಸ್‌ನ ಪತ್ರಗಳಲ್ಲಿ ಸಾಕ್ಷಿಗಳೆಲ್ಲ ಗಂಡಸರೇ, ಅದೂ ಅಂತಸ್ತಿನ ಪ್ರಕಾರ ಸಾಲಾಗಿ, ದೊಡ್ಡ ಮನುಷ್ಯರು ಮೇಲೆ, ದಾಸ್ಯದಿಂದ ಬಿಡುಗಡೆಯಾದವ್ರು ಸಾಮಾನ್ಯವಾಗಿ ಕೆಳಗೆ. ಉಂಬ್ರಿಕಿಯಾ ತನ್ನದೇ ದುಡ್ಡಿಗೆ ತಾನೇ ಕೈಬರಹ ಕೊಟ್ಟಿಲ್ಲ, ಥಾಲಸ್ ಅನ್ನೋನು "ಅವಳು ಕೇಳ್ಕೊಂಡಿದ್ದಕ್ಕೆ ಬರೆದೆ" ಅಂತ ಬರೆದಿದ್ದಾನೆ. ಅಜ್ಜಿಗೆ ಇದನ್ನ ಹೇಳಿದ್ದಕ್ಕೆ "ದುಡ್ಡು ಅವಳ್ದು, ಸೈನು ಇವನ್ದಾ?" ಅಂದ್ರು, ಆಮೇಲೆ ತಮ್ಮ ಉಂಗುರನೇ ಒತ್ತಬೇಕು ಅಂತ ಹಠ. 56ರ ರಸೀದಿಗೆ ಅಜ್ಜಿ ಉಂಗುರ ಬರಲ್ಲ, ತೂತಿನ ಜೋಡಿಗೆ ಮೊದಲ ಸೀಲ್ ಅವರದ್ದೇ ಅಂತ ಒಪ್ಪಂದ ಆಗಿದೆ.

ಲಿನನ್ ದಾರ ಇನ್ನೂ ಸಿಕ್ಕಿಲ್ಲ, ಹತ್ತಿ ದಾರ ಸೀಲ್ ಕೆಳಗೆ ಹಿಗ್ಗುತ್ತೆ, ಬಿಗಿ ನಿಲ್ಲಲ್ಲ. ದಪ್ಪ ಲಿನನ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದೋರು ಹೇಳಿ, ಬಂದ ತಕ್ಷಣ ಸೀಲ್ ಹಾಕಿ ಫೋಟೋ ಹಾಕ್ತೀನಿ.